ಘಮಕ್ಕೊಂದು ಎಣ್ಣೆಯ ಬಲೆ

ಹಳೆಯ ನೋಟ್‌ಬುಕ್ಕಿನಿಂದ ಒಂದು ಬಿಳಿ ಹಾಳೆ ಹರಿದುಕೊಳ್ಳಿ. ಎಡಗಡೆ ಒಂದು ಹನಿ ಕೊಬ್ಬರಿ ಎಣ್ಣೆ, ಬಲಗಡೆ ಒಂದು ಹನಿ ನೀಲಗಿರಿ ಎಣ್ಣೆ ಬಿಡಿ. ನೆಗಡಿಯಾದಾಗ ಅಮ್ಮ ಕರವಸ್ತ್ರಕ್ಕೆ ಹಾಕಿಕೊಡುತ್ತಾರಲ್ಲ, ಅದೇ ನೀಲಗಿರಿ ಎಣ್ಣೆ. ಎರಡೂ ಕಡೆ ಕಾಗದ ನೆಂದು ಜಿಡ್ಡಿನ ಕಲೆ ಬೀಳುತ್ತದೆ. ಹಾಳೆಯನ್ನು ಗಾಳಿಯಾಡುವ ಕಡೆ ಇಟ್ಟು ಆಟಕ್ಕೆ ಹೋಗಿ. ಸಂಜೆ ಬಂದು ಬೆಳಕಿಗೆ ಹಿಡಿದರೆ ಬಲಗಡೆಯ ಕಲೆ ಹುಡುಕಿದರೂ ಸಿಗುವುದು ಕಷ್ಟ. ಎಡಗಡೆಯದು ಮಾತ್ರ ಇದ್ದ ಹಾಗೇ ಇದೆ. ನಾಳೆಯೂ ಇರುತ್ತದೆ, ಮುಂದಿನ ತಿಂಗಳೂ ಇರುತ್ತದೆ.

ಎರಡನ್ನೂ ನಾವು ಎಣ್ಣೆ ಎಂದೇ ಕರೆಯುತ್ತೇವೆ. ಆದರೆ ಒಂದು ಹಾರಿಹೋಗುವ ಎಣ್ಣೆ, ಇನ್ನೊಂದು ಕೂತಲ್ಲೇ ಕೂರುವ ಎಣ್ಣೆ. ವ್ಯತ್ಯಾಸ ಇರುವುದು ಅವುಗಳ ಅಣುಗಳಲ್ಲಿ. ನೀಲಗಿರಿ ಎಣ್ಣೆಯಲ್ಲಿ ಮುಖ್ಯವಾಗಿರುವುದು ಸಿನಿಯೋಲ್ ಎಂಬ ವಸ್ತು. ಅದರ ಒಂದು ಅಣುವಿನಲ್ಲಿ 29 ಪರಮಾಣುಗಳಿವೆ. ಕೊಬ್ಬರಿ ಎಣ್ಣೆಯ ಒಂದು ಅಣು ಅದರ ನಾಲ್ಕು ಪಟ್ಟು ದೊಡ್ಡದು, ಅದರಲ್ಲಿ ಸುಮಾರು 120 ಪರಮಾಣುಗಳು. ಮೂರು ಉದ್ದುದ್ದ ಬಾಲಗಳು ಬೇರೆ ಅದಕ್ಕೆ. ಇಂಥ ದೊಡ್ಡ ಅಣುಗಳು ಒಂದನ್ನೊಂದು ಬಲವಾಗಿ ಹಿಡಿದುಕೊಂಡಿರುತ್ತವೆ. ಗಾಳಿಗೆ ಹಾರಲು ಅವುಗಳಿಗೆ ಆಗುವುದಿಲ್ಲ. ಸಣ್ಣವು ಪುಸಕ್ಕನೆ ಬಿಡಿಸಿಕೊಂಡು ಹೊರಡುತ್ತವೆ.

ಹೊರಟು ಎಲ್ಲಿಗೆ ಬರುತ್ತವೆ? ನಿಮ್ಮ ಮೂಗಿಗೆ. ವಾಸನೆ ಎಂದರೆ ಅಷ್ಟೇ: ಯಾವುದೋ ವಸ್ತುವಿನಿಂದ ಕಳಚಿಕೊಂಡ ಅಣುಗಳು ಗಾಳಿಯಲ್ಲಿ ತೇಲಿಬಂದು ಮೂಗಿನ ಒಳಗೆ, ಮೇಲ್ಭಾಗದಲ್ಲಿರುವ ತೇವದ ಪೊರೆಗೆ ತಾಗುವುದು. ಅಲ್ಲಿ ಅವನ್ನು ಗುರುತು ಹಿಡಿಯುವ ಗ್ರಾಹಕಗಳಿವೆ. ಮನುಷ್ಯರಲ್ಲಿ ಸುಮಾರು 400 ಬಗೆ. ಇವುಗಳ ಹಿಂದಿರುವ ಜೀನ್‌ಗಳ ದೊಡ್ಡ ಬಳಗವನ್ನು 1991ರಲ್ಲಿ ಪತ್ತೆಹಚ್ಚಿದವರು ಅಮೆರಿಕದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್. 2004ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಬಗೆ 400 ಆದರೂ ನಾವು ಗುರುತಿಸುವ ವಾಸನೆಗಳು ಅದಕ್ಕಿಂತ ಎಷ್ಟೋ ಹೆಚ್ಚು, ಏಕೆಂದರೆ ಒಂದೊಂದು ವಾಸನೆಗೂ ಹಲವು ಗ್ರಾಹಕಗಳು ಬೇರೆ ಬೇರೆ ಜೋಡಿಯಲ್ಲಿ ಸ್ಪಂದಿಸುತ್ತವೆ.

ಕೊಬ್ಬರಿ ಎಣ್ಣೆಗೆ ಅಷ್ಟು ಜೋರು ವಾಸನೆ ಏಕಿಲ್ಲ ಎಂದು ಈಗ ಗೊತ್ತಾಯಿತಲ್ಲ? ಅದರ ದೊಡ್ಡ ಅಣುಗಳು ಮೂಗಿನ ತನಕ ಬರುವುದೇ ಇಲ್ಲ. ಸೀಸೆ ತೆಗೆದಾಗ ಬರುವ ಆ ಕೊಬ್ಬರಿಯ ಕಂಪು ಅದರೊಳಗೆ ಚೂರೇ ಚೂರು ಬೆರೆತಿರುವ ಸಣ್ಣ ಅಣುಗಳದ್ದು. ಹಾಗಾದರೆ ಈ ಕೂತಲ್ಲೇ ಕೂರುವ ಎಣ್ಣೆಗೆ ಹಾರಿಹೋಗುವ ಹೂವಿನ ಘಮವನ್ನು ಹಿಡಿಸಬಹುದೇ? ಸ್ನಾನದ ಎಣ್ಣೆ ಘಮಘಮಿಸುವಂತೆ ಮಾಡಲು ಜನ ಹಿಂದಿನಿಂದ ಮಾಡುತ್ತ ಬಂದದ್ದು ಇದನ್ನೇ.

ಮೊದಲು ಮಲ್ಲಿಗೆಯನ್ನೇ ನೋಡೋಣ. ಸಂಜೆ ಬಿರಿಯಬೇಕಾದ ಮೊಗ್ಗನ್ನು ಬೆಳಿಗ್ಗೆಯೇ ಬಿಡಿಸಿ ಮಾರುಕಟ್ಟೆಗೆ ತರುತ್ತಾರೆ. ಉಡುಪಿ ಕಡೆ ಬಾಳೆನಾರಿನಲ್ಲಿ ಕಟ್ಟಿ ಅಟ್ಟೆ ಲೆಕ್ಕದಲ್ಲಿ ಮಾರಿದರೆ, ಮೈಸೂರು ಬೆಂಗಳೂರಿನ ಕಡೆ ಮೊಳದ ಲೆಕ್ಕ. ಮಧ್ಯಾಹ್ನ ಮನೆಗೆ ತಂದ ಮೊಗ್ಗಿಗೆ ಮೂಗಿಟ್ಟು ನೋಡಿ, ಹಸಿ ಹಸಿ ಎಲೆಯ ವಾಸನೆಯಷ್ಟೇ. ಅದೇ ಮೊಗ್ಗು ಗಿಡದಿಂದ ಬೇರೆಯಾಗಿ ಅಷ್ಟು ಹೊತ್ತಾಗಿದ್ದರೂ ಸಂಜೆ ಅರಳಿ ಮನೆಯೆಲ್ಲ ತುಂಬುವಷ್ಟು ಘಮ ಬಿಡುತ್ತದೆ! ಗಿಡದಿಂದ ಕಿತ್ತ ಮೇಲೂ ಹೂವಿನ ಒಳಗೆ ಕೆಲಸ ನಡೆದೇ ಇರುತ್ತದೆ. ಗಂಟೆ ಗಂಟೆಗೂ ಅದು ಹೊಸದಾಗಿ ಪರಿಮಳದ ಅಣುಗಳನ್ನು ಮಾಡಿ ಮಾಡಿ ಹೊರಗೆ ಬಿಡುತ್ತದೆ. ಕತ್ತಲಲ್ಲಿ ಅರಳುವ ಬಿಳಿ ಹೂಗಳು ಹೀಗೆ ಘಮ ಚೆಲ್ಲುವುದು ರಾತ್ರಿ ಹಾರುವ ಪತಂಗಗಳನ್ನು ಕರೆಯಲಿಕ್ಕೆ. ಮುಡಿಗೆ ಏರಿದರೂ ಅವು ಆ ಅಭ್ಯಾಸ ಬಿಡುವುದಿಲ್ಲ.

ಆ ಘಮದಲ್ಲಿ ಏನೇನಿದೆ ಎಂದು ರಸಾಯನ ವಿಜ್ಞಾನಿಗಳು ಬಿಡಿಸಿ ನೋಡಿದ್ದಾರೆ. ಲಿನಲೂಲ್, ಬೆಂಜೈಲ್ ಅಸಿಟೇಟ್, ಹೀಗೆ ಹತ್ತಾರು ವಸ್ತುಗಳು. ಅವುಗಳಲ್ಲಿ ಇಂಡೋಲ್ ಎಂಬುದೂ ಒಂದು. ಇದರ ವಿಚಾರ ಹೇಳಿದರೆ ನೀವು ಮೂಗು ಮುಚ್ಚಿಕೊಳ್ಳುತ್ತೀರಿ: ಮಲದ ದುರ್ವಾಸನೆಗೆ ಕಾರಣವಾದ ವಸ್ತುಗಳಲ್ಲಿ ಇದೂ ಸೇರಿದೆ. ಹೂವಿನಲ್ಲಿ ಅದು ಇರುವುದು ಚಿಟಿಕೆಗಿಂತ ಕಡಿಮೆ. ಅಷ್ಟಿರುವುದರಿಂದಲೇ ಮಲ್ಲಿಗೆಯ ಘಮಕ್ಕೆ ಆ ತೂಕ ಬಂದಿದೆ. ಮುಚ್ಚಿದ ಕೋಣೆಯಲ್ಲಿ ರಾಶಿ ಮಲ್ಲಿಗೆ ಇಟ್ಟರೆ ಕೆಲವರಿಗೆ ತಲೆ ಭಾರವಾಗುವಂತೆ, ಉಸಿರು ಕಟ್ಟುವಂತೆ ಅನಿಸುವುದರಲ್ಲೂ ಆಶ್ಚರ್ಯವೇನಿಲ್ಲ.

ಈ ಅಣುಗಳನ್ನು ಹಿಡಿಯಬೇಕಾದರೆ ನೀರು ಸಾಲದು. ನೀರಿನ ಅಣುಗಳು ತಮ್ಮ ತಮ್ಮೊಳಗೇ ಕೈಕೈ ಹಿಡಿದುಕೊಂಡಿರುತ್ತವೆ. ಪರಿಮಳದ ಹೆಚ್ಚಿನ ಅಣುಗಳಿಗೆ ಆ ಗುಂಪಿನಲ್ಲಿ ಜಾಗವಿಲ್ಲ. ಎಣ್ಣೆಯ ಅಣುಗಳ ಜೊತೆ ಅವುಗಳಿಗೆ ಸಲೀಸಾಗಿ ಹೊಂದಿಕೆಯಾಗುತ್ತದೆ, ಏಕೆಂದರೆ ಎರಡರ ಮೈಕಟ್ಟೂ ಹೆಚ್ಚುಕಡಿಮೆ ಒಂದೇ ಥರ, ಕಾರ್ಬನ್ ಮತ್ತು ಹೈಡ್ರೋಜನ್ನಿನದು. ಫ್ರಿಜ್ಜಿನಲ್ಲಿ ಹೆಚ್ಚಿದ ಈರುಳ್ಳಿಯ ಪಕ್ಕ ಬೆಣ್ಣೆಯನ್ನು ಮುಚ್ಚದೆ ಇಟ್ಟರೆ ಮಾರನೆಯ ದಿನ ಬೆಣ್ಣೆಯೇ ಈರುಳ್ಳಿ ನಾತ ಹೊಡೆಯುತ್ತದಲ್ಲ, ಮನೆಯಲ್ಲಿ ಬೈಗುಳ ಬೀಳುತ್ತದಲ್ಲ, ಅದೂ ಇದೇ ಕೆಲಸ. ಈರುಳ್ಳಿಯ ಜಾಗದಲ್ಲಿ ಮಲ್ಲಿಗೆ ಇಟ್ಟುಬಿಟ್ಟರೆ ಸುಗಂಧದ ಎಣ್ಣೆ ತಯಾರಿಸುವ ವಿದ್ಯೆ ಅರ್ಧ ಬಂದಂತೆ.

ಈ ವಿದ್ಯೆ ನಮ್ಮಲ್ಲಿ ಹಳೆಯದು. ಸುಮಾರು 1025ರಲ್ಲಿ ಚಾವುಂಡರಾಯ ಎಂಬ ಕವಿ ಕನ್ನಡದಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ಅಡುಗೆ, ಬೇಸಾಯ, ಬಾವಿ ತೋಡುವುದು ಇವುಗಳ ಜೊತೆಗೆ ಸುಗಂಧ ತಯಾರಿಕೆಗೂ ಜಾಗವಿದೆ. (ಶ್ರವಣಬೆಳಗೊಳದ ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯ ಬೇರೆ, ಈತ ಬೇರೆ.) ಅದಾಗಿ ನೂರು ವರ್ಷದ ಮೇಲೆ, ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಿಂದ ಆಳುತ್ತಿದ್ದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆದ. ಅದರಲ್ಲಿ ರಾಜನ ಸ್ನಾನಕ್ಕೇ ಬೇರೆ ಭಾಗವಿದೆ, ಮೈಗೆ ಹಚ್ಚುವ ಪರಿಮಳದ ಎಣ್ಣೆಯ ಮಾತೂ ಬರುತ್ತದೆ. ರಾಜ್ಯಭಾರದ ನಡುವೆ ಎಣ್ಣೆಸ್ನಾನದ ಬಗ್ಗೆ ಕೂತು ಬರೆದ ದೊರೆಯನ್ನು ಕಂಡರೆ ನನಗಂತೂ ಇಷ್ಟ.

ಉತ್ತರ ಪ್ರದೇಶದ ಕನೌಜ್, ಜೌನ್‌ಪುರ, ಘಾಜೀಪುರಗಳಲ್ಲಿ ಎಣ್ಣೆಗೆ ಘಮ ಹಿಡಿಸಲು ಒಂದು ಜಾಣ ದಾರಿಯಿತ್ತು. ಎಳ್ಳೆಣ್ಣೆಗೆ ಹೂ ಹಾಕುವ ಬದಲು ಎಳ್ಳಿಗೇ ಹೂ ಹಾಕುತ್ತಿದ್ದರು! ಒಂದು ಪದರ ಎಳ್ಳು, ಅದರ ಮೇಲೊಂದು ಪದರ ಹೂವು, ಮತ್ತೆ ಎಳ್ಳು, ಮತ್ತೆ ಹೂವು. ಬಾಡಿದ ಹೂ ತೆಗೆದು ಹೊಸ ಹೂ ಹಾಕುವುದು. ಹೀಗೆ ಹಲವು ಸಲ ಮಾಡಿ ಆಮೇಲೆ ಎಳ್ಳನ್ನು ಗಾಣಕ್ಕೆ ಹಾಕುವುದು. ಎಳ್ಳಿನ ತೂಕದಲ್ಲಿ ಅರ್ಧದಷ್ಟು ಎಣ್ಣೆಯೇ ಇರುವುದರಿಂದ ಕಾಳಿನೊಳಗಿನ ಆ ಎಣ್ಣೆ ಘಮವನ್ನು ಎಳೆದುಕೊಂಡು ಕೂತಿರುತ್ತದೆ. ಹಿಂಡಿದಾಗ ಬರುವ ಎಣ್ಣೆಯಲ್ಲಿ ಹೂವಿನ ಚೂರೂ ಇಲ್ಲ, ಹೂವಿನ ನೀರೂ ಇಲ್ಲ. ಫ್ರಾನ್ಸಿನ ಗ್ರಾಸ್ ಎಂಬ ಊರಿನವರು ಇದನ್ನೇ ಇನ್ನೊಂದು ರೀತಿ ಮಾಡಿದರು. ಮರದ ಚೌಕಟ್ಟಿಗೆ ಗಾಜು ಕೂರಿಸಿ, ಗಾಜಿಗೆ ಪ್ರಾಣಿಗಳ ಕೊಬ್ಬು ಸವರಿ, ಅದರ ಮೇಲೆ ಜಾಜಿ ಅಥವಾ ಸುಗಂಧರಾಜವನ್ನು ಸಾಲಾಗಿ ಜೋಡಿಸುತ್ತಿದ್ದರು. ಎರಡೂ ಕಡೆಯವರು ಈ ಕೆಲಸಕ್ಕೆ ಆರಿಸಿಕೊಂಡದ್ದು ಕಿತ್ತ ಮೇಲೂ ಘಮ ಮಾಡುತ್ತಲೇ ಇರುವ ಹೂಗಳನ್ನು ಎಂಬುದನ್ನು ಗಮನಿಸಿ. ಗುಲಾಬಿಗೆ ಆ ಶಕ್ತಿ ಕಡಿಮೆ. ಅದನ್ನು ಬೆಳಗಿನ ಜಾವವೇ ಬಿಡಿಸಿ ತಡಮಾಡದೆ ಭಟ್ಟಿಗೆ ಹಾಕುತ್ತಾರೆ.

ಮನೆಯಲ್ಲಿ ಮಾಡುವುದಾದರೆ ಎಳ್ಳು ಹಿಂಡುವುದು ಕಷ್ಟ, ಗಾಣದವರು ಒಂದು ಲೋಟ ಎಳ್ಳನ್ನು ಆಡಿಸಿಕೊಡುವುದಿಲ್ಲ. ನಮಗೆ ಗ್ರಾಸಿನವರ ದಾರಿಯೇ ಸುಲಭ. ಕೊಬ್ಬೂ ಬೇಡ, ಚಳಿಗಾಲದಲ್ಲಿ ಗಟ್ಟಿಯಾದ ಕೊಬ್ಬರಿ ಎಣ್ಣೆ ಇದೆ. ಹೂವು ಯಾವುದು ಎಂದು ನನ್ನನ್ನು ಕೇಳಿದರೆ ಸುಗಂಧರಾಜವೇ ವಾಸಿ. ಚಳಿಗಾಲದಲ್ಲಿ ಮಲ್ಲಿಗೆ ಸಿಗುವುದು ಅಪರೂಪ, ಸಿಕ್ಕರೆ ಮುಟ್ಟಲಾಗದ ಬೆಲೆ.

ಒಂದೇ ಅಳತೆಯ ಎರಡು ಸ್ಟೀಲ್ ತಟ್ಟೆ ತೆಗೆದುಕೊಳ್ಳಿ. ಒಂದಕ್ಕೆ ಕರಗಿಸಿದ ಕೊಬ್ಬರಿ ಎಣ್ಣೆಯನ್ನು ದೋಸೆಯಷ್ಟು ತೆಳ್ಳಗೆ ಹರಡಿ ಗಟ್ಟಿಯಾಗಲು ಬಿಡಿ. 24–25 ಡಿಗ್ರಿಗಿಂತ ತಣ್ಣಗಾದರೆ ಅದು ತಾನೇ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಅದರ ಅಣುಗಳ ಬಾಲಗಳು ನೆಟ್ಟಗಿವೆ, ಹಾಗಾಗಿ ಒತ್ತೊತ್ತಾಗಿ ಜೋಡಿಸಿಕೊಳ್ಳುತ್ತವೆ. ಎಳ್ಳೆಣ್ಣೆಯ ಬಾಲಗಳಲ್ಲಿ ಸೊಟ್ಟಗಳಿವೆ, ಸರಿಯಾಗಿ ಜೋಡಿಸಿಕೊಳ್ಳಲು ಆಗದು, ಅದಕ್ಕೇ ಅದು ನಮ್ಮ ಚಳಿಗೆ ಗಟ್ಟಿಯಾಗುವುದಿಲ್ಲ. ಈಗ ಸಂಜೆಯ ಹೊತ್ತಿಗೆ, ನೀರು ಚಿಮುಕಿಸಿರದ ಒಣ ಹೂಗಳನ್ನು ತೊಟ್ಟು ಬಿಡಿಸಿ, ಎಣ್ಣೆಯ ಮೇಲೆ ಬೋರಲಾಗಿ ಇಡಿ. ಇನ್ನೊಂದು ತಟ್ಟೆ ಕವುಚಿ ಮುಚ್ಚಿ ತಣ್ಣಗಿನ ಜಾಗದಲ್ಲಿಡಿ.

ಮರುದಿನ ಸಂಜೆ ಮುಚ್ಚಳ ತೆಗೆದಾಗ ಅದರ ಒಳಮೈಯನ್ನು ನೋಡಿ. ಸಣ್ಣ ಸಣ್ಣ ನೀರ ಹನಿಗಳು ಕೂತಿರುತ್ತವೆ. ನೀವು ಒಂದು ಹನಿ ನೀರನ್ನೂ ಹಾಕಿಲ್ಲ. ಅದು ಹೂವು ರಾತ್ರಿಯಿಡೀ ಬಿಟ್ಟ ಆವಿ, ತಣ್ಣನೆಯ ಲೋಹಕ್ಕೆ ತಾಗಿ ಹನಿಯಾಗಿದೆ. ಅದನ್ನು ಒರೆಸಿಬಿಡಿ. ಹೂಗಳ ಅಂಚು ಕಂದಿರುತ್ತದೆ. ಒಂದೊಂದನ್ನೇ ಮೆಲ್ಲಗೆ ಎತ್ತಿ, ಎಣ್ಣೆಯಲ್ಲಿ ಅವು ಕೂತಿದ್ದ ಅಚ್ಚು ಹಾಗೇ ಮೂಡಿರುವುದನ್ನು ನೋಡಿಕೊಂಡು, ಹೊಸ ಹೂ ಇಡಿ. ಒಂದು ದಿನದಲ್ಲಿ ಎಣ್ಣೆಗೆ ಹತ್ತುವ ಘಮ ಅಷ್ಟಕ್ಕಷ್ಟೇ. ಐದಾರು ಸಲ ಹೂ ಬದಲಾಯಿಸಿದ ಮೇಲೆ ಬೆರಳ ತುದಿಗೆ ಚೂರು ತೆಗೆದುಕೊಂಡು ಮುಂಗೈಗೆ ತಿಕ್ಕಿ ಮೂಸಿ. ಆಗ ಗೊತ್ತಾಗುತ್ತದೆ.

ಬೇಸಿಗೆಯಲ್ಲಿ ಈ ತಟ್ಟೆಯ ಆಟ ನಡೆಯದು, ಎಣ್ಣೆ ಕರಗಿ ಹೂ ಮುಳುಗುತ್ತದೆ. ಆಗ ಮಲ್ಲಿಗೆ ಧಾರಾಳವಾಗಿ ಸಿಗುತ್ತದಲ್ಲ, ಹಳೆಯ ಪಂಚೆಯ ತುಂಡನ್ನು ತೊಳೆದು ಚೆನ್ನಾಗಿ ಒಣಗಿಸಿ ಎಳ್ಳೆಣ್ಣೆಯಲ್ಲಿ ಅದ್ದಿ ತಟ್ಟೆಗೆ ಹಾಸಿ, ಅದರ ಮೇಲೆ ಹೂ ಹರಡಿ. ಕೊನೆಯಲ್ಲಿ ಬಟ್ಟೆ ಹಿಂಡಿದರಾಯಿತು.

ಎಣ್ಣೆಯನ್ನು ಸೀಸೆಗೆ ತುಂಬುವ ಮೊದಲು ಬೆಚ್ಚಗಿನ ಜಾಗದಲ್ಲಿ ಕರಗಿಸಿ ಸ್ವಲ್ಪ ಹೊತ್ತು ಅಲುಗಿಸದೆ ಇಡಿ. ಹೂವಿನಿಂದ ಬಂದ ನೀರು ಇದ್ದರೆ ಅದು ತಳಕ್ಕೆ ಇಳಿಯುತ್ತದೆ, ಏಕೆಂದರೆ ಎಣ್ಣೆ ನೀರಿಗಿಂತ ಹಗುರ. ಮೇಲಿನ ತಿಳಿ ಎಣ್ಣೆಯನ್ನಷ್ಟೇ ಬಗ್ಗಿಸಿಕೊಳ್ಳಿ. ನೀರು ಉಳಿದರೆ ಬೂಷ್ಟು ಬರುತ್ತದೆ. ಬೂಷ್ಟಿಗೆ, ಬ್ಯಾಕ್ಟೀರಿಯಾಕ್ಕೆ ಬದುಕಲು ನೀರು ಬೇಕೇ ಬೇಕು, ಬರೀ ಎಣ್ಣೆಯಲ್ಲಿ ಅವು ಬೆಳೆಯಲಾರವು. ಎಣ್ಣೆಗೆ ಇನ್ನೊಬ್ಬ ಶತ್ರು ಗಾಳಿಯಲ್ಲಿರುವ ಆಕ್ಸಿಜನ್. ಬೆಳಕೂ ಬಿಸಿಯೂ ಅದರ ಜೊತೆ ಸೇರಿದರೆ ಎಣ್ಣೆಯ ಬಾಲಗಳು ತುಂಡಾಗಿ ಸಣ್ಣ ಸಣ್ಣ ಅಣುಗಳಾಗುತ್ತವೆ. ಸಣ್ಣವು ಹಾರುತ್ತವೆ, ಮೂಗಿಗೆ ಬರುತ್ತವೆ. ಹಳೆಯ ಎಣ್ಣೆಯ ಆ ಕಮಟು ವಾಸನೆ ಇದೇ. ಹಾಗಾಗಿ ಬಣ್ಣದ ಗಾಜಿನ ಸಣ್ಣ ಸೀಸೆ, ಬಾಯಿತನಕ ತುಂಬಿದ್ದು, ಕತ್ತಲ ಕಪಾಟು. ಎಳ್ಳೆಣ್ಣೆಯಲ್ಲಿ ಸೆಸಮಾಲ್‌ನಂಥ ಕಾವಲುಗಾರ ವಸ್ತುಗಳಿರುವುದರಿಂದ ಅದು ಅಷ್ಟು ಬೇಗ ಕಮಟಾಗುವುದಿಲ್ಲ.

‘ನಮ್ಮ ಅಜ್ಜಿ ದಾಸವಾಳ ಹಾಕಿ ಎಣ್ಣೆ ಕಾಯಿಸುತ್ತಾರಲ್ಲ, ನೀವೇಕೆ ಕಾಯಿಸಲಿಲ್ಲ?’ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಅಜ್ಜಿ ಕೊಬ್ಬರಿ ಎಣ್ಣೆಗೆ ದಾಸವಾಳದ ಎಲೆ, ಕರಿಬೇವು, ಗರುಗದ ಸೊಪ್ಪು ಹಾಕಿ ಕಾಯಿಸುವಾಗ ಪಕ್ಕದಲ್ಲಿ, ತುಸು ದೂರದಲ್ಲಿ, ನಿಂತು ಕಿವಿಗೊಡಿ. ಮೊದಲು ಚಟಪಟ ಸದ್ದು, ಮೇಲೆಲ್ಲ ನೊರೆ. ಅದು ಸೊಪ್ಪಿನೊಳಗಿನ ನೀರು ಕುದಿದು ಆವಿಯಾಗುವ ಸದ್ದು. ಆಮೇಲೆ ಸದ್ದು ಇಳಿಯುತ್ತ ಇಳಿಯುತ್ತ ಪೂರ್ತಿ ನಿಲ್ಲುತ್ತದೆ. ಅಜ್ಜಿ ಆ ಗಳಿಗೆಗೆ ಸರಿಯಾಗಿ ಒಲೆ ಆರಿಸುತ್ತಾರೆ. ನೀರಿರುವ ತನಕ ಒಲೆಯ ಬಿಸಿಯಲ್ಲಿ ಬಹುಪಾಲು ಆ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ, ಎಣ್ಣೆ 100 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ನೀರು ಮುಗಿದ ಕೂಡಲೇ ಎಣ್ಣೆಯ ಬಿಸಿ ಸರಸರ ಏರಿ ಸೊಪ್ಪು ಕರಕಲಾಗುತ್ತದೆ. ಥರ್ಮಾಮೀಟರ್ ಇಲ್ಲದೆ ಕಿವಿಯಲ್ಲೇ ಅಳೆಯುವ ಈ ಲೆಕ್ಕ ಎಷ್ಟು ಚೆನ್ನಾಗಿದೆ ನೋಡಿ! ಸೊಪ್ಪಿನ ಹಸಿರು ಬಣ್ಣ ಎಣ್ಣೆಗೆ ಇಳಿಯಲು ಈ ಬಿಸಿ ಸರಿ. ಮಲ್ಲಿಗೆಗೆ ಸರಿಯಲ್ಲ. ಅದರ ಹಗುರ ಅಣುಗಳು ಆವಿಯ ಬೆನ್ನು ಹತ್ತಿ ಹೋಗಿಬಿಡುತ್ತವೆ, ಅಡುಗೆಮನೆ ಘಮಘಮ, ಎಣ್ಣೆ ಸಪ್ಪೆ.

ಲಾವಂಚದ ಬೇರಿನ ಗುಣ ಬೇರೆ. ಅದರ ಪರಿಮಳದ ಅಣುಗಳು ಸ್ವಲ್ಪ ದೊಡ್ಡವು, ಅದರಲ್ಲಿರುವ ಖುಸಿಮಾಲ್ ಎಂಬುದರಲ್ಲಿ 40 ಪರಮಾಣುಗಳಿವೆ. ಅವು ಮೆಲ್ಲಗೆ ಹೊರಡುತ್ತವೆ, ಬಹಳ ಹೊತ್ತು ಇರುತ್ತವೆ. ಒಣ ಬೇರಾದ್ದರಿಂದ ನೀರಿನ ರಗಳೆಯೂ ಇಲ್ಲ. ಕತ್ತರಿಸಿದ ಬೇರನ್ನು ಎಣ್ಣೆಯ ಬಟ್ಟಲಿಗೆ ಹಾಕಿ, ಆ ಬಟ್ಟಲನ್ನು ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ. ಒಲೆಯ ಕೆಲಸ ದೊಡ್ಡವರದ್ದು. ಸುತ್ತ ನೀರಿರುವುದರಿಂದ ಎಣ್ಣೆ 100 ಡಿಗ್ರಿ ದಾಟುವ ಹೆದರಿಕೆಯಿಲ್ಲ. ಈ ಎಣ್ಣೆಗೆ ನಿಮ್ಮ ಹೂವಿನ ಎಣ್ಣೆ ಬೆರೆಸಿದರೆ ಮೊದಲು ಹೂವು ಮೂಗಿಗೆ ಬರುತ್ತದೆ, ಹೂವು ಹೋದ ಮೇಲೆ ಬೇರು ಉಳಿಯುತ್ತದೆ. ಅತ್ತರಿನವರೂ ಹೀಗೆಯೇ ಹಗುರದ ಜೊತೆ ಭಾರದ್ದನ್ನು ಸೇರಿಸುತ್ತಾರೆ. ಕನೌಜಿನವರು ಗುಲಾಬಿಯ ಆವಿಯನ್ನು ಇಳಿಸುತ್ತಿದ್ದದ್ದು ಶ್ರೀಗಂಧದ ಎಣ್ಣೆಗೆ, ಅದರ ಸ್ಯಾಂಟಲಾಲ್ ಅಣುವಿನಲ್ಲೂ ಇರುವುದು 40 ಪರಮಾಣುಗಳೇ.

ಶ್ರೀಗಂಧದ ಎಣ್ಣೆ ತೆಗೆಯುವುದು ಮಾತ್ರ ಮನೆಯಲ್ಲಿ ಆಗುವ ಕೆಲಸವಲ್ಲ. ಮರದ ಒಡಲಿನ ಚೆಕ್ಕೆಯ ಮೂಲಕ ಹಬೆ ಹಾಯಿಸಬೇಕು. ಸ್ಯಾಂಟಲಾಲ್ ತಾನಾಗಿ ಕುದಿಯಲು ಸುಮಾರು 300 ಡಿಗ್ರಿ ಬೇಕು, ಹಬೆಯ ಜೊತೆ ಸೇರಿದರೆ 100 ಡಿಗ್ರಿಯಲ್ಲೇ ಹೊರಟುಬರುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಮೈಸೂರಿನ ಗಂಧದ ಮರ ಯುರೋಪಿಗೆ ಹೋಗುವುದು ನಿಂತು ರಾಶಿ ಬಿದ್ದಾಗ, ಎಣ್ಣೆಯನ್ನು ಇಲ್ಲೇ ತೆಗೆಯೋಣವೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಯೋಗ ನಡೆಯಿತು. ಮೈಸೂರು ಸ್ಯಾಂಡಲ್ ಸೋಪಿನ ಕಥೆ ಶುರುವಾಗುವುದು ಅಲ್ಲಿಂದಲೇ.

ಅಂಗಡಿಯ ಸುಗಂಧ ತೈಲವನ್ನು ನೇರ ಚರ್ಮಕ್ಕೆ ಹಚ್ಚಬೇಡಿ. ಹೂವಿನಲ್ಲಿ ಒಂದು ಪಾಲು ಇರುವುದು ಅದರಲ್ಲಿ ನೂರಾರು ಪಾಲು ಇರುತ್ತದೆ, ಉರಿ ಏಳುತ್ತದೆ. ನಿಂಬೆಸಿಪ್ಪೆಯ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಹೋದರಂತೂ ಚರ್ಮ ಸುಟ್ಟಂತಾಗಿ ಕಪ್ಪಗಾಗಬಹುದು. ಅದರಲ್ಲಿರುವ ಕೆಲವು ವಸ್ತುಗಳು ಸೂರ್ಯನ ಕಿರಣ ಬಿದ್ದಾಗ ಕೆರಳುತ್ತವೆ. ಕರ್ಪೂರ, ನೀಲಗಿರಿ ಎಣ್ಣೆಗಳನ್ನು ಪುಟ್ಟ ಮಕ್ಕಳ ಹತ್ತಿರ ಸುಳಿಯಗೊಡಬಾರದು, ಬಾಯಿಗೆ ಹೋದರೆ ಅಪಾಯ. ನೀವು ಮಾಡಿದ ಎಣ್ಣೆಯನ್ನೂ ಮೊದಲು ಮೊಣಕೈಯ ಒಳಮಗ್ಗುಲಿಗೆ ಒಂದು ಹನಿ ಹಚ್ಚಿ, ಒಂದು ದಿನ ಕಾದು, ತುರಿಕೆ ಬರದಿದ್ದರೆ ಮುಂದುವರಿಯಿರಿ.

ಇನ್ನು ಸ್ನಾನ. ನರಕ ಚತುರ್ದಶಿಯ ಬೆಳಿಗ್ಗೆಯಾದರೆ ಹಿಂದಿನ ಸಂಜೆಯೇ ನೀರು ತುಂಬುವ ಹಬ್ಬ ಮುಗಿದು ಹಂಡೆ ಸಿದ್ಧವಾಗಿರುತ್ತದೆ. ಎಣ್ಣೆಯ ಬಟ್ಟಲನ್ನು ಅಜ್ಜಿ ತುಸು ಬೆಚ್ಚಗೆ ಮಾಡಿ ತರುತ್ತಾರೆ. ಬೆಚ್ಚಗಾದ ಎಣ್ಣೆ ತೆಳುವಾಗಿ ಬೇಗ ಹರಡುತ್ತದೆ, ಅದರಲ್ಲಿದ್ದ ಹೂವಿನ ಅಣುಗಳಿಗೆ ಹಾರಲು ಬಲ ಬರುತ್ತದೆ. ನೆತ್ತಿಗೆ ಒತ್ತುವಾಗ ಘಮ್ಮೆಂದು ಬಂದದ್ದು ಮೈಗೆಲ್ಲ ಹಚ್ಚಿ ಮುಗಿಯುವ ಹೊತ್ತಿಗೆ ನಿಮಗೆ ಗೊತ್ತೇ ಆಗುವುದಿಲ್ಲ. ಎಣ್ಣೆ ಸಪ್ಪೆಯಾಯಿತೆಂದು ಬೇಸರ ಬೇಡ. ಒಂದೇ ವಾಸನೆ ಎಡೆಬಿಡದೆ ಬಂದರೆ ಮೂಗೂ ಮಿದುಳೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತವೆ. ಹೊರಗಿನಿಂದ ಆಗಷ್ಟೇ ಬಂದ ತಮ್ಮನನ್ನು ಕರೆದು ಮೂಸಿಸಿ, ಹೇಳುತ್ತಾನೆ.

ಬರೀ ನೀರು ಸುರಿದರೆ ಎಣ್ಣೆ ಹೋಗದು. ಸೀಗೇಪುಡಿ ಬೇಕು. ಸೀಗೆಯಲ್ಲಿ ಸಪೋನಿನ್ ಎಂಬ ಅಣುಗಳಿವೆ, ಅವುಗಳ ಒಂದು ತುದಿಗೆ ನೀರಿನ ಸ್ನೇಹ, ಇನ್ನೊಂದು ತುದಿಗೆ ಎಣ್ಣೆಯ ಸ್ನೇಹ. ಎಣ್ಣೆಯನ್ನು ಸಣ್ಣ ಸಣ್ಣ ಹನಿಯಾಗಿ ಒಡೆದು ಸುತ್ತುವರಿದು ನೀರಿನ ಜೊತೆ ಎಳೆದುಕೊಂಡು ಹೋಗುತ್ತವೆ. ಕಣ್ಣಿಗೆ ಬಿದ್ದರೆ ಉರಿಸುವುದೂ ಇದೇ, ಗಟ್ಟಿಯಾಗಿ ಮುಚ್ಚಿಕೊಳ್ಳಿ. ಕಡಲೆಹಿಟ್ಟಿನ ಕೆಲಸ ಇದಕ್ಕಿಂತ ಸರಳ, ಅದು ಜಿಡ್ಡನ್ನು ಹೀರಿಕೊಳ್ಳುತ್ತದೆ.

ನೀವು ಮೈ ತೊಳೆದುಕೊಂಡರೂ ಬಚ್ಚಲ ನೆಲದ ಮೇಲೆ ಎಣ್ಣೆ ಉಳಿದೇ ಇರುತ್ತದೆ. ಹೊರಬರುವ ಮೊದಲು ಒಂದು ಹಿಡಿ ಸೀಗೇಪುಡಿ ಉದುರಿಸಿ ಪೊರಕೆಯಿಂದ ಚೆನ್ನಾಗಿ ಉಜ್ಜಿ ಬಿಸಿನೀರು ಹೊಯ್ಯಿರಿ. ನಿಮ್ಮ ಹಿಂದೆ ಸ್ನಾನಕ್ಕೆ ಹೋಗುವವರು ಅಜ್ಜ.